ಜೀವಕೋಶದ ಬಗೆಗಳು, ಒಳರಚನೆಗಳು ಮತ್ತು ಅವುಗಳ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಜೀವಕೋಶದ ಪಾಠವನ್ನು ಹೆಚ್ಚಿನವರು ಭಾಗಗಳ ಪಟ್ಟಿಯಂತೆ ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮೇಲೆ ಮರೆತುಬಿಡುತ್ತಾರೆ. ಇಷ್ಟು ಸೊಗಸಾದ ವಿಷಯಕ್ಕೆ ಆ ಗತಿ ಬರಬಾರದು. ಒಂದು ಕೋಶದಲ್ಲಿ ಯಾವ ರಚನೆ ತುಂಬಿಕೊಂಡಿದೆ, ಯಾವುದು ಕಾಣೆಯಾಗಿದೆ ಎಂಬ ಎರಡನ್ನು ಗಮನಿಸಿದರೆ ಆ ಕೋಶದ ಕೆಲಸ ಏನೆಂದು ಬಹುಪಾಲು ಹೇಳಿಬಿಡಬಹುದು. ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳಿಗೆ ಇಲ್ಲಿ ಆ ದಾರಿಯಲ್ಲೇ ಉತ್ತರಿಸಿದ್ದೇನೆ.

ಜೀವಕೋಶಗಳಲ್ಲಿ ಮೂಲತಃ ಎಷ್ಟು ಬಗೆ?

ರಚನೆಯನ್ನು ಮಾತ್ರ ನೋಡಿದರೆ ಎರಡು. ಕೋಶಕೇಂದ್ರವಿಲ್ಲದ ಪ್ರೊಕ್ಯಾರಿಯೋಟ್ ಕೋಶಗಳು ಒಂದು ಬಗೆ. ಪೊರೆಯಿಂದ ಸುತ್ತುವರಿದ ಕೋಶಕೇಂದ್ರವುಳ್ಳ ಯೂಕ್ಯಾರಿಯೋಟ್ ಕೋಶಗಳು ಇನ್ನೊಂದು. ಬ್ಯಾಕ್ಟೀರಿಯಾಗಳು ಮೊದಲನೆಯ ಗುಂಪಿಗೆ ಸೇರುತ್ತವೆ. ಸಸ್ಯ, ಪ್ರಾಣಿ, ಶಿಲೀಂಧ್ರ, ಅಮೀಬಾದಂಥ ಏಕಕೋಶ ಜೀವಿಗಳು ಎರಡನೆಯ ಗುಂಪಿಗೆ ಸೇರುತ್ತವೆ.

ವಂಶಾವಳಿಯನ್ನು ನೋಡಿದರೆ ಲೆಕ್ಕ ಬದಲಾಗುತ್ತದೆ. 1977ರಲ್ಲಿ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್, ಪ್ರೋಟೀನ್ ಕಟ್ಟುವ ಕಣವಾದ ರೈಬೋಸೋಮಿನ ಆರ್‌ಎನ್‌ಎಯನ್ನು ಹೋಲಿಸಿ, ಬ್ಯಾಕ್ಟೀರಿಯಾ ಎಂದು ತಿಳಿದಿದ್ದ ಕೆಲವು ಜೀವಿಗಳು ವಾಸ್ತವದಲ್ಲಿ ಬೇರೆಯೇ ಕವಲು ಎಂದು ತೋರಿಸಿದರು. ಅವುಗಳಿಗೆ ಇಂದು ಆರ್ಕಿಯಾ ಎಂದು ಹೆಸರು. ಸೂಕ್ಷ್ಮದರ್ಶಕದಲ್ಲಿ ಬ್ಯಾಕ್ಟೀರಿಯಾದಂತೆಯೇ ಕಂಡರೂ, ಜೀನ್‌ಗಳನ್ನು ಓದುವ ಅವುಗಳ ವ್ಯವಸ್ಥೆ ನಮ್ಮ ಕೋಶಗಳ ವ್ಯವಸ್ಥೆಗೆ ಹೆಚ್ಚು ಹತ್ತಿರ.

ಕೋಶಕೇಂದ್ರ ಇದೆಯೋ ಇಲ್ಲವೋ ಎಂಬುದೊಂದೇ ವ್ಯತ್ಯಾಸವೇ?

ಅದು ಗುರುತು ಹಿಡಿಯುವ ಲಕ್ಷಣ. ಅದರ ಪರಿಣಾಮ ಇನ್ನೂ ದೊಡ್ಡದು, ಆದರೆ ಪಾಠಗಳಲ್ಲಿ ಅದು ಅಪರೂಪವಾಗಿ ಬರುತ್ತದೆ.

ಬ್ಯಾಕ್ಟೀರಿಯಾದಲ್ಲಿ ಡಿಎನ್‌ಎ ಕೋಶದ್ರವ್ಯದಲ್ಲೇ ಇರುತ್ತದೆ. ಜೀನಿನಿಂದ ಸಂದೇಶವಾಹಕ ಆರ್‌ಎನ್‌ಎ ತಯಾರಾಗುತ್ತಿರುವಾಗಲೇ, ಅದರ ತುದಿಗೆ ರೈಬೋಸೋಮ್‌ಗಳು ಅಂಟಿಕೊಂಡು ಪ್ರೋಟೀನ್ ಕಟ್ಟಲು ತೊಡಗುತ್ತವೆ. ನಕಲು ಇಳಿಸುವುದೂ ಪ್ರೋಟೀನ್ ಕಟ್ಟುವುದೂ ಜೊತೆಜೊತೆಯಾಗಿ ನಡೆಯುವುದರಿಂದ ಅವು ಬದಲಾದ ಪರಿಸ್ಥಿತಿಗೆ ಬಹಳ ಬೇಗ ಸ್ಪಂದಿಸುತ್ತವೆ. ಅನುಕೂಲವಾದ ಸ್ಥಿತಿಯಲ್ಲಿ ಇ. ಕೋಲಿ ಬ್ಯಾಕ್ಟೀರಿಯಾ ಸುಮಾರು 20 ನಿಮಿಷಕ್ಕೊಮ್ಮೆ ಇಬ್ಭಾಗವಾಗಬಲ್ಲದು.

ಯೂಕ್ಯಾರಿಯೋಟ್ ಕೋಶದಲ್ಲಿ ನಕಲು ಇಳಿಯುವುದು ಕೋಶಕೇಂದ್ರದೊಳಗೆ, ಪ್ರೋಟೀನ್ ಕಟ್ಟುವುದು ಹೊರಗೆ. ನಡುವೆ ಒಂದು ಗಡಿ ಇದೆ. ಆ ಗಡಿ ದಾಟುವ ಮೊದಲು ಆರ್‌ಎನ್‌ಎಯಲ್ಲಿ ಬೇಡದ ತುಂಡುಗಳನ್ನು ಕತ್ತರಿಸಿ ಬೇಕಾದವನ್ನು ಜೋಡಿಸಲಾಗುತ್ತದೆ. ಜೋಡಿಸುವ ತುಂಡುಗಳ ಆಯ್ಕೆ ಬದಲಾದರೆ ಒಂದೇ ಜೀನಿನಿಂದ ಹಲವು ಪ್ರೋಟೀನ್‌ಗಳು ಹುಟ್ಟುತ್ತವೆ. ವೇಗವನ್ನು ಬಿಟ್ಟುಕೊಟ್ಟು ಪಡೆದ ಲಾಭ ಇದು. ಹಾಗಾಗಿ ಪ್ರೊಕ್ಯಾರಿಯೋಟ್‌ಗಳನ್ನು ಹಿಂದುಳಿದ ಕೋಶಗಳು ಎಂದು ಬರೆಯುವುದನ್ನು ನಾನು ಒಪ್ಪುವುದಿಲ್ಲ. ಅವು ವೇಗಕ್ಕೆ ಹೊಂದಿಕೊಂಡ ಕೋಶಗಳು.

ಎಲ್ಲ ಕೋಶಗಳಲ್ಲೂ ತಪ್ಪದೆ ಇರುವುದು ಏನು?

ಪ್ಲಾಸ್ಮಾ ಪೊರೆ, ಕೋಶದ್ರವ್ಯ, ಡಿಎನ್‌ಎ, ರೈಬೋಸೋಮ್. ಈ ನಾಲ್ಕು ಬ್ಯಾಕ್ಟೀರಿಯಾಕ್ಕೂ ಬೇಕು, ಆಲದ ಮರದ ಎಲೆಯ ಕೋಶಕ್ಕೂ ಬೇಕು. ನಮ್ಮ ಪಕ್ವವಾದ ಕೆಂಪು ರಕ್ತಕಣ ಇದಕ್ಕೆ ಅಪವಾದ. ಅದರ ಮಾತು ಮುಂದೆ ಬರುತ್ತದೆ.

ಕೋಶಗಳು ಯಾಕೆ ಇಷ್ಟು ಸಣ್ಣ?

ಬಹುಪಾಲು ಬ್ಯಾಕ್ಟೀರಿಯಾಗಳು 1ರಿಂದ 5 ಮೈಕ್ರೋಮೀಟರ್ ಇರುತ್ತವೆ. ಒಂದು ಮೈಕ್ರೋಮೀಟರ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಪ್ರಾಣಿಕೋಶಗಳು ಸಾಮಾನ್ಯವಾಗಿ 10ರಿಂದ 30, ಸಸ್ಯಕೋಶಗಳು 10ರಿಂದ 100 ಮೈಕ್ರೋಮೀಟರ್. ಮನುಷ್ಯನ ಅಂಡಾಣು ಸುಮಾರು 100 ಮೈಕ್ರೋಮೀಟರ್ ಇರುವುದರಿಂದ ಬರಿಗಣ್ಣಿಗೆ ಒಂದು ಸಣ್ಣ ಚುಕ್ಕೆಯಾಗಿ ಕಾಣಬಲ್ಲದು.

ಕಾರಣ ಗಣಿತದಲ್ಲಿದೆ. ಬದಿ 1 ಇರುವ ಘನಾಕೃತಿಯ ಮೇಲ್ಮೈ 6, ಘನಗಾತ್ರ 1. ಬದಿಯನ್ನು 10 ಮಾಡಿ: ಮೇಲ್ಮೈ 600, ಘನಗಾತ್ರ 1000. ಒಳಗಿನ ಪ್ರತಿ ಪಾಲಿಗೆ ಸಿಗುವ ಮೇಲ್ಮೈ 6ರಿಂದ 0.6ಕ್ಕೆ ಇಳಿಯಿತು. ಆಹಾರ, ಆಮ್ಲಜನಕ ಒಳಬರುವುದೂ ತ್ಯಾಜ್ಯ ಹೊರಹೋಗುವುದೂ ಮೇಲ್ಮೈಯ ಮೂಲಕವೇ ಆದ್ದರಿಂದ, ಕೋಶ ಉಬ್ಬಿದಷ್ಟೂ ಅದರ ಒಳಭಾಗ ಹಸಿದು ಕೂರುತ್ತದೆ. ಈ ಮಿತಿಯನ್ನು ದಾಟಲು ಕೋಶಗಳಿಗೆ ಉಪಾಯಗಳಿವೆ. ಸಣ್ಣ ಕರುಳಿನ ಕೋಶಗಳು ಮೇಲ್ಮೈಯನ್ನು ಬೆರಳಿನಂಥ ಸಾವಿರಾರು ಚಾಚಿಕೆಗಳಾಗಿ ಮಡಚಿಕೊಂಡಿವೆ. ನರಕೋಶ ಉದ್ದಕ್ಕೆ ಬೆಳೆಯುತ್ತದೆ, ದಪ್ಪವಾಗುವುದಿಲ್ಲ. ಬೆನ್ನುಹುರಿಯಿಂದ ಪಾದದವರೆಗೆ ಸಾಗುವ ಅದರ ತಂತು ಸುಮಾರು ಒಂದು ಮೀಟರ್ ಇರುತ್ತದೆ.

ಸಸ್ಯಕೋಶ ಮತ್ತು ಪ್ರಾಣಿಕೋಶ ಎಲ್ಲಿ ಬೇರೆಯಾಗುತ್ತವೆ?

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬದಿಗಿಡೋಣ: "ಪ್ರಾಣಿಗೆ ಮೈಟೋಕಾಂಡ್ರಿಯ, ಸಸ್ಯಕ್ಕೆ ಕ್ಲೋರೋಪ್ಲಾಸ್ಟ್" ಎನ್ನುವುದು ತಪ್ಪು. ಸಸ್ಯಕೋಶದಲ್ಲಿ ಎರಡೂ ಇರುತ್ತವೆ. ಕ್ಲೋರೋಪ್ಲಾಸ್ಟ್ ಬೆಳಕಿನಲ್ಲಿ ಸಕ್ಕರೆ ತಯಾರಿಸುತ್ತದೆ. ಆ ಸಕ್ಕರೆಯನ್ನು ಒಡೆದು ಬಳಸಬಹುದಾದ ಶಕ್ತಿಯಾಗಿ ಮಾಡಲು ಮೈಟೋಕಾಂಡ್ರಿಯವೇ ಬೇಕು. ಬೆಳಕೇ ಕಾಣದ ಬೇರಿನ ಕೋಶ ಹಗಲಿರುಳು ಅದನ್ನೇ ನೆಚ್ಚಿಕೊಂಡಿದೆ.

ನಿಜವಾದ ವ್ಯತ್ಯಾಸಗಳೆಲ್ಲ ಸಸ್ಯ ನಿಂತಲ್ಲೇ ನಿಲ್ಲುತ್ತದೆ ಎಂಬ ಸಂಗತಿಯ ಸುತ್ತ ಹೆಣೆದುಕೊಂಡಿವೆ. ಎಲುಬಿಲ್ಲದ ಗಿಡವನ್ನು ನೆಟ್ಟಗೆ ನಿಲ್ಲಿಸುವುದು ಸೆಲ್ಯುಲೋಸಿನ ಕೋಶಭಿತ್ತಿ ಮತ್ತು ನೀರು ತುಂಬಿದ ಚೀಲವಾದ ರಸದಾನಿ, ಇವೆರಡರ ಜೋಡಿ. ಬೆಳೆದ ಸಸ್ಯಕೋಶದಲ್ಲಿ ರಸದಾನಿ ಕೋಶದ ಗಾತ್ರದ ಶೇಕಡಾ 80-90ರಷ್ಟನ್ನು ಆವರಿಸುವುದುಂಟು. ಅದರಲ್ಲಿ ತುಂಬಿದ ನೀರು ಹೊರಕ್ಕೆ ಒತ್ತುತ್ತದೆ, ಭಿತ್ತಿ ಆ ಒತ್ತಡವನ್ನು ತಡೆಯುತ್ತದೆ, ಕೋಶ ಬಿಗಿಯಾಗುತ್ತದೆ. ನೀರು ಕಡಿಮೆಯಾದಾಗ ಗಿಡ ಬಾಡುವುದು ಈ ಬಿಗಿ ಸಡಿಲವಾಗುವುದರಿಂದ. ಪ್ರಾಣಿಕೋಶಕ್ಕೆ ಭಿತ್ತಿಯಿಲ್ಲ. ಕೆಂಪು ರಕ್ತಕಣವನ್ನು ಶುದ್ಧ ನೀರಿಗೆ ಹಾಕಿದರೆ ನೀರು ಒಳನುಗ್ಗಿ ಅದು ಒಡೆದುಹೋಗುತ್ತದೆ. ಆದರೆ ಭಿತ್ತಿಯಿಲ್ಲದ ಕಾರಣಕ್ಕೇ ಬಿಳಿ ರಕ್ತಕಣ ಆಕಾರ ಬದಲಿಸಿಕೊಂಡು ತೆವಳಬಲ್ಲದು, ರೋಗಾಣುವನ್ನು ಸುತ್ತುವರಿದು ನುಂಗಬಲ್ಲದು. ಭಿತ್ತಿಯೊಳಗಿನ ಸಸ್ಯಕೋಶಕ್ಕೆ ಅದು ಸಾಧ್ಯವಿಲ್ಲ.

ವಿಭಜನೆಯ ರೀತಿಯೂ ಭಿತ್ತಿಯಿಂದಾಗಿಯೇ ಬೇರೆ. ಪ್ರಾಣಿಕೋಶ ನಡುವಿನಲ್ಲಿ ಹಿಸುಕಿದಂತೆ ಕಿರಿದಾಗಿ ಎರಡಾಗುತ್ತದೆ. ಸಸ್ಯಕೋಶದಲ್ಲಿ ನಡುವೆ ಹೊಸ ಫಲಕವೊಂದು ಮೂಡಿ ಅಂಚಿನವರೆಗೆ ಬೆಳೆಯುತ್ತದೆ. ಪ್ರಾಣಿಕೋಶದಲ್ಲಿ ವಿಭಜನೆಯ ಹೊತ್ತಿಗೆ ಕಾಣುವ ಸೆಂಟ್ರಿಯೋಲ್‌ಗಳು ಹೂಬಿಡುವ ಸಸ್ಯಗಳಲ್ಲಿ ಇಲ್ಲ. ದಾಸ್ತಾನಿನ ಸಕ್ಕರೆ ಸಸ್ಯದಲ್ಲಿ ಪಿಷ್ಟ, ಪ್ರಾಣಿಯಲ್ಲಿ ಗ್ಲೈಕೋಜನ್.

ಭಿತ್ತಿಯಿದ್ದರೆ ಪಕ್ಕದ ಕೋಶದೊಡನೆ ಸಂಪರ್ಕ ಕಡಿದುಹೋಗುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಇಲ್ಲ. ಭಿತ್ತಿಯಲ್ಲಿ ಪ್ಲಾಸ್ಮೋಡೆಸ್ಮಾ ಎಂಬ ಸೂಕ್ಷ್ಮ ಕಾಲುವೆಗಳಿವೆ. ಅವುಗಳ ಮೂಲಕ ಅಕ್ಕಪಕ್ಕದ ಕೋಶದ್ರವ್ಯಗಳು ಕೂಡಿಕೊಂಡೇ ಇರುತ್ತವೆ.

ಈರುಳ್ಳಿಯ ಪೊರೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದೆ, ಕ್ಲೋರೋಪ್ಲಾಸ್ಟ್ ಕಾಣಲಿಲ್ಲ. ಯಾಕೆ?

ಇರಲಿಲ್ಲ, ಅದಕ್ಕೇ ಕಾಣಲಿಲ್ಲ. ಈರುಳ್ಳಿಯ ಗೆಡ್ಡೆ ಮಣ್ಣಿನಲ್ಲಿ ಆಹಾರ ಕೂಡಿಡುವ ಭಾಗ. ಬೆಳಕಿಲ್ಲದ ಕಡೆ ಕ್ಲೋರೋಪ್ಲಾಸ್ಟಿಗೆ ಕೆಲಸವಿಲ್ಲ. ಸಸ್ಯಕೋಶವಾದ ಮಾತ್ರಕ್ಕೆ ಹಸಿರಾಗಿರಬೇಕೆಂದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಪೊರೆಯನ್ನು ಹಾಗೆಯೇ ಇಟ್ಟುಕೊಂಡು ಇನ್ನೊಂದು ಕೆಲಸ ಮಾಡಿ. ಅಯೋಡಿನ್ ಹನಿಸಿದರೆ ಇಟ್ಟಿಗೆ ಜೋಡಿಸಿದಂಥ ಉದ್ದನೆಯ ಕೋಶಗಳೂ, ಪ್ರತಿಯೊಂದರ ಅಂಚಿಗೆ ಸರಿದು ಕುಳಿತ ಹಳದಿಗಂದು ಬಣ್ಣದ ಕೋಶಕೇಂದ್ರವೂ ಸ್ಪಷ್ಟವಾಗುತ್ತವೆ. ಕೋಶಕೇಂದ್ರ ಅಂಚಿನಲ್ಲಿರುವುದು ನಡುವಿನ ಜಾಗವನ್ನೆಲ್ಲ ರಸದಾನಿ ಹಿಡಿದಿರುವುದರಿಂದ. ರಸದಾನಿಗೆ ಬಣ್ಣವಿಲ್ಲದ ಕಾರಣ ಅದು ಖಾಲಿ ಜಾಗದಂತೆ ಕಾಣುತ್ತದೆ. ಈಗ ಇನ್ನೊಂದು ತುಣುಕಿಗೆ, ಸಾಧ್ಯವಾದರೆ ನೇರಳೆ ಬಣ್ಣದ ಈರುಳ್ಳಿಯ ಹಸಿ ಪದರದ ಹೊರಮೈ ಪೊರೆಗೆ, ಗಟ್ಟಿಯಾದ ಉಪ್ಪುನೀರು ಹಾಕಿ ಕೆಲವು ನಿಮಿಷ ಕಾಯಿರಿ. ನೇರಳೆ ರಸ ತುಂಬಿದ ಒಳಭಾಗ ಕುಗ್ಗಿ ಭಿತ್ತಿಯಿಂದ ದೂರ ಸರಿಯುತ್ತದೆ. ಹೊರಗಿನ ಚೌಕಟ್ಟು ಮಾತ್ರ ಹಾಗೆಯೇ ನಿಲ್ಲುತ್ತದೆ. ಭಿತ್ತಿ ಬೇರೆ, ಪೊರೆ ಬೇರೆ ಎಂದು ನೂರು ಸಲ ಓದುವುದಕ್ಕಿಂತ ಇದನ್ನು ಒಮ್ಮೆ ನೋಡುವುದು ಮೇಲು. ಬೇಗನೆ ಸಾದಾ ನೀರು ಹಾಕಿದರೆ ಜೀವಂತ ಕೋಶ ಮತ್ತೆ ತುಂಬಿಕೊಳ್ಳುತ್ತದೆ.

ಅಣಬೆ, ಯೀಸ್ಟ್‌ಗಳ ಕೋಶ ಸಸ್ಯದ್ದೇ, ಪ್ರಾಣಿಯದ್ದೇ?

ಎರಡೂ ಅಲ್ಲ. ಶಿಲೀಂಧ್ರಗಳಿಗೆ ಕೋಶಭಿತ್ತಿ ಇದೆ, ಆದರೆ ಅದರ ಗುರುತಿನ ವಸ್ತು ಕೈಟಿನ್; ಕೀಟಗಳ ಹೊರಕವಚದಲ್ಲಿರುವ ವಸ್ತುವೇ ಅದು. ಕ್ಲೋರೋಪ್ಲಾಸ್ಟ್ ಇಲ್ಲ, ದಾಸ್ತಾನು ಗ್ಲೈಕೋಜನ್. ವಂಶದ ದೃಷ್ಟಿಯಿಂದ ಅವು ಸಸ್ಯಗಳಿಗಿಂತ ಪ್ರಾಣಿಗಳಿಗೇ ಹತ್ತಿರದ ಬಂಧುಗಳು. ಶಿಲೀಂಧ್ರದ ಸೋಂಕಿಗೆ ನಮಗೆ ಹಾನಿಯಾಗದಂಥ ಔಷಧಿ ಹುಡುಕುವುದು ಕಷ್ಟವಾಗಲು ಈ ನಂಟೇ ಒಂದು ಕಾರಣ.

ಕೋಶಕೇಂದ್ರದ ಒಳಗೆ ಏನು ನಡೆಯುತ್ತದೆ?

ಮನುಷ್ಯನ ಒಂದು ಕೋಶದ ಡಿಎನ್‌ಎಯನ್ನೆಲ್ಲ ತುದಿಗೆ ತುದಿ ಜೋಡಿಸಿದರೆ ಸುಮಾರು 2 ಮೀಟರ್. ಅದು ಮಡಚಿಕೊಂಡಿರುವುದು ಕೆಲವೇ ಮೈಕ್ರೋಮೀಟರ್ ಅಗಲದ ಕೋಶಕೇಂದ್ರದಲ್ಲಿ. ಹಿಸ್ಟೋನ್ ಎಂಬ ಪ್ರೋಟೀನ್‌ಗಳಿಗೆ ಸುತ್ತಿಕೊಂಡು ಅದು ಇಷ್ಟು ಒತ್ತಾಗಿ ಕೂರುತ್ತದೆ. ಬಳಕೆಯಲ್ಲಿರುವ ಭಾಗಗಳು ಸಡಿಲವಾಗಿ, ಬಳಸದ ಭಾಗಗಳು ಬಿಗಿಯಾಗಿ ಇರುತ್ತವೆ. ಸುತ್ತಲಿನ ಪೊರೆ ಎರಡು ಪದರದ್ದು. ಅದರಲ್ಲಿನ ರಂಧ್ರಗಳು ಬರಿಯ ತೂತುಗಳಲ್ಲ. ದೊಡ್ಡ ಅಣುಗಳಲ್ಲಿ ಯಾವುದು ಒಳಗೆ, ಯಾವುದು ಹೊರಗೆ ಎಂದು ಆರಿಸಿ ಬಿಡುವ ಪ್ರೋಟೀನ್ ರಚನೆಗಳು. ಒಳಗೆ ಗಾಢವಾಗಿ ಕಾಣುವ ಕಿರುಕೋಶಕೇಂದ್ರ ರೈಬೋಸೋಮಿನ ಭಾಗಗಳನ್ನು ತಯಾರಿಸುವ ಜಾಗ. ಹೆಚ್ಚು ಪ್ರೋಟೀನ್ ತಯಾರಿಸುವ ಕೋಶದಲ್ಲಿ ಅದು ದೊಡ್ಡದಾಗಿರುತ್ತದೆ.

ಎಂಡೋಪ್ಲಾಸ್ಮಿಕ್ ಜಾಲ, ಗಾಲ್ಗಿ: ಇವೆರಡರ ಕೆಲಸ ಸದಾ ಗೊಂದಲವಾಗುತ್ತದೆ. ಹೇಗೆ ನೆನಪಿಡುವುದು?

ಒಂದೊಂದರ ವ್ಯಾಖ್ಯೆ ಕಲಿಯುವುದನ್ನು ಬಿಟ್ಟು, ಒಂದು ಪ್ರೋಟೀನನ್ನು ಹುಟ್ಟಿನಿಂದ ಹೊರಬೀಳುವವರೆಗೆ ಹಿಂಬಾಲಿಸಿ. ಜಾರ್ಜ್ ಪಲಾಡೆ ಮತ್ತು ಜೇಮ್ಸ್ ಜೇಮಿಸನ್ 1960ರ ದಶಕದಲ್ಲಿ ಮಾಡಿದ್ದು ಅದನ್ನೇ. ಅವರು ಗಿನಿಪಿಗ್‌ನ ಮೇದೋಜೀರಕ ಗ್ರಂಥಿಯ ತೆಳು ಹೋಳುಗಳಿಗೆ ವಿಕಿರಣಶೀಲ ಅಮೈನೋ ಆಮ್ಲವನ್ನು ಕೆಲವೇ ನಿಮಿಷ ಕೊಟ್ಟು, ಬಳಿಕ ಸಾಮಾನ್ಯ ಅಮೈನೋ ಆಮ್ಲಕ್ಕೆ ಬದಲಾಯಿಸಿದರು. ಆ ಗುರುತು ಹೊತ್ತ ಪ್ರೋಟೀನ್‌ಗಳು ಹೊತ್ತು ಕಳೆದಂತೆ ಎಲ್ಲಿ ಸಿಗುತ್ತವೆ ಎಂದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಹುಡುಕಿದರು.

ಮೊದಲ ನಿಮಿಷಗಳಲ್ಲಿ ಗುರುತು ಸಿಕ್ಕಿದ್ದು ಪೊರೆಗಳಿಂದಾದ ಒರಟು ಎಂಡೋಪ್ಲಾಸ್ಮಿಕ್ ಜಾಲದಲ್ಲಿ. ಮೈತುಂಬ ರೈಬೋಸೋಮ್ ಅಂಟಿರುವುದರಿಂದ ಅದು ಒರಟಾಗಿ ಕಾಣುತ್ತದೆ. ರೈಬೋಸೋಮ್ ಕಟ್ಟುತ್ತಿರುವಾಗಲೇ ಪ್ರೋಟೀನ್ ಜಾಲದ ಒಳಕ್ಕೆ ಇಳಿಯುತ್ತದೆ, ಅಲ್ಲಿ ಸರಿಯಾದ ಆಕಾರಕ್ಕೆ ಮಡಚಿಕೊಳ್ಳುತ್ತದೆ. ಸರಿಯಾಗಿ ಮಡಚದವನ್ನು ತಡೆಹಿಡಿದು ಒಡೆಯಲಾಗುತ್ತದೆ. ಇನ್ನು ಸ್ವಲ್ಪ ಹೊತ್ತಿನ ಮೇಲೆ ಗುರುತು ಗಾಲ್ಗಿಯಲ್ಲಿ ಕಂಡಿತು. ಚಪ್ಪಟೆ ಚೀಲಗಳ ಈ ರಾಶಿಯಲ್ಲಿ ಪ್ರೋಟೀನಿಗೆ ಅಂಟಿದ ಸಕ್ಕರೆಯ ಸರಣಿಗಳು ತಿದ್ದುಪಡಿಯಾಗಿ, ಯಾವುದು ಹೊರಕ್ಕೆ, ಯಾವುದು ಸವೆದುದನ್ನು ಒಡೆಯುವ ಲೈಸೋಸೋಮಿಗೆ, ಯಾವುದು ಪೊರೆಗೆ ಎಂದು ಬೇರ್ಪಡುತ್ತದೆ. ಸುಮಾರು ಎರಡು ಗಂಟೆಯ ಹೊತ್ತಿಗೆ ಗುರುತಿನ ಹೆಚ್ಚಿನ ಭಾಗ ಕೋಶದ ತುದಿಯ ಸ್ರವಿಕೆಯ ಕಣಗಳಲ್ಲಿ ಸೇರಿತ್ತು. ಕಣದ ಪೊರೆ ಪ್ಲಾಸ್ಮಾ ಪೊರೆಯೊಡನೆ ಬೆರೆತಾಗ ಜೀರ್ಣಕಿಣ್ವಗಳು ಹೊರಬೀಳುತ್ತವೆ.

ಈ ಮಾರ್ಗ ಒಮ್ಮೆ ಮನಸ್ಸಿಗೆ ಹತ್ತಿದರೆ ಹೆಸರುಗಳು ತಾವಾಗಿ ನಿಲ್ಲುತ್ತವೆ. ಕೋಶದ ಒಳಗಡೆಯ ರಚನೆ ಮತ್ತು ಕೆಲಸಗಳ ಶೋಧಕ್ಕಾಗಿ ಪಲಾಡೆ, ಆಲ್ಬರ್ಟ್ ಕ್ಲೋಡ್, ಕ್ರಿಶ್ಚಿಯನ್ ಡಿ ಡೂವ್ ಅವರಿಗೆ 1974ರ ನೊಬೆಲ್ ಪ್ರಶಸ್ತಿ ಬಂತು.

ನುಣುಪಾದ ಜಾಲದಲ್ಲಿ ರೈಬೋಸೋಮ್ ಇಲ್ಲ, ಅದರ ಕೆಲಸವೂ ಬೇರೆ. ಕೊಬ್ಬು ಮತ್ತು ಸ್ಟೀರಾಯ್ಡ್ ತಯಾರಿಕೆ, ಯಕೃತ್ತಿನಲ್ಲಿ ಔಷಧಿ ಹಾಗೂ ವಿಷಗಳ ನಿವಾರಣೆ, ಸ್ನಾಯುವಿನಲ್ಲಿ ಕ್ಯಾಲ್ಸಿಯಂ ಹಿಡಿದಿಟ್ಟು ಬೇಕಾದಾಗ ಬಿಡುವುದು.

ಮೈಟೋಕಾಂಡ್ರಿಯ ಶಕ್ತಿಯನ್ನು ಹುಟ್ಟಿಸುತ್ತದೆಯೇ?

ಶಕ್ತಿಯನ್ನು ಯಾವುದೂ ಹುಟ್ಟಿಸುವುದಿಲ್ಲ. ಮೈಟೋಕಾಂಡ್ರಿಯ ಆಹಾರದಲ್ಲಿದ್ದುದನ್ನು, ಕೋಶ ನೇರವಾಗಿ ಬಳಸಬಲ್ಲ ಎಟಿಪಿ ಎಂಬ ಅಣುವಿನ ರೂಪಕ್ಕೆ ತರುತ್ತದೆ. ಗ್ಲೂಕೋಸ್ ಒಡೆಯುವ ಮೊದಲ ಹಂತ ನಡೆಯುವುದು ಮೈಟೋಕಾಂಡ್ರಿಯದ ಹೊರಗೆ, ಕೋಶದ್ರವ್ಯದಲ್ಲಿ. ಅಲ್ಲಿ ಸಿಗುವ ನಿವ್ವಳ ಲಾಭ ಎರಡೇ ಎಟಿಪಿ. ಉಳಿದ ಭಾಗ ಮೈಟೋಕಾಂಡ್ರಿಯದಲ್ಲಿ ಆಮ್ಲಜನಕದ ನೆರವಿನಿಂದ ಒಡೆದಾಗ ಒಟ್ಟು 30ರ ಆಸುಪಾಸಿಗೆ ಏರುತ್ತದೆ.

ಅದು ಹೇಗೆ ಎಂಬುದನ್ನು 1961ರಲ್ಲಿ ಪೀಟರ್ ಮಿಚೆಲ್ ವಿವರಿಸಿದಾಗ ಬಹಳ ಜನ ನಂಬಲಿಲ್ಲ. ಒಳಪೊರೆಯ ಪ್ರೋಟೀನ್‌ಗಳು ಪ್ರೋಟಾನ್‌ಗಳನ್ನು ಒಂದು ಬದಿಗೆ ತಳ್ಳಿ ಗುಡ್ಡೆ ಹಾಕುತ್ತವೆ. ಅವು ಹಿಂದಕ್ಕೆ ಹರಿಯುವ ರಭಸಕ್ಕೆ ಒಂದು ಕಿಣ್ವದ ಭಾಗ ನಿಜವಾಗಿಯೂ ಗಿರಗಿರನೆ ತಿರುಗಿ ಎಟಿಪಿ ಕಟ್ಟುತ್ತದೆ. ಮಿಚೆಲ್ ಅವರಿಗೆ 1978ರಲ್ಲಿ ನೊಬೆಲ್ ಬಂತು. ಒಳಪೊರೆ ಅಷ್ಟೊಂದು ಮಡಿಕೆ ಮಡಿಕೆಯಾಗಿರುವುದರ ಅರ್ಥ ಈಗ ತಿಳಿಯುತ್ತದೆ: ಮಡಿಕೆ ಹೆಚ್ಚಿದಷ್ಟೂ ಆ ಯಂತ್ರಗಳಿಗೆ ಜಾಗ ಹೆಚ್ಚು. ಬಿಡುವಿಲ್ಲದೆ ಬಡಿಯುವ ಹೃದಯದ ಸ್ನಾಯುಕೋಶದಲ್ಲಿ ಸುಮಾರು ಮೂರನೇ ಒಂದು ಭಾಗದ ಗಾತ್ರ ಮೈಟೋಕಾಂಡ್ರಿಯಗಳದ್ದೇ. ಕ್ಲೋರೋಪ್ಲಾಸ್ಟಿನ ಒಳಪೊರೆಗಳಲ್ಲೂ ಇದೇ ತಂತ್ರವಿದೆ. ಅಲ್ಲಿ ಪ್ರೋಟಾನ್ ತಳ್ಳಲು ಶಕ್ತಿ ಬರುವುದು ಬೆಳಕಿನಿಂದ.

ಮೈಟೋಕಾಂಡ್ರಿಯ ಒಂದು ಕಾಲದಲ್ಲಿ ಬ್ಯಾಕ್ಟೀರಿಯಾ ಆಗಿತ್ತು ಎನ್ನುವುದು ನಿಜವೇ?

ಹೌದು, ಇಂದು ಇದು ಸ್ಥಿರಪಟ್ಟ ವಿಚಾರ. 1967ರಲ್ಲಿ ಲಿನ್ ಮಾರ್ಗುಲಿಸ್ ಈ ವಾದವನ್ನು ಗಟ್ಟಿಯಾಗಿ ಮುಂದಿಟ್ಟರು. ಸಾಕ್ಷ್ಯಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ: ಮೈಟೋಕಾಂಡ್ರಿಯ ಮತ್ತು ಕ್ಲೋರೋಪ್ಲಾಸ್ಟ್ ಎರಡಕ್ಕೂ ಸ್ವಂತ ಡಿಎನ್‌ಎ ಇದೆ, ಬ್ಯಾಕ್ಟೀರಿಯಾದ ಬಗೆಯ ರೈಬೋಸೋಮ್ ಇದೆ, ಜೋಡಿ ಪೊರೆ ಇದೆ, ಅವು ಇಬ್ಭಾಗವಾಗಿಯೇ ಹೆಚ್ಚುತ್ತವೆ, ಕೋಶ ಅವನ್ನು ಮೊದಲಿನಿಂದ ಕಟ್ಟಲಾರದು. ಮನುಷ್ಯನ ಮೈಟೋಕಾಂಡ್ರಿಯದ ಡಿಎನ್‌ಎಯಲ್ಲಿ ಈಗ ಉಳಿದಿರುವುದು 37 ಜೀನ್‌ಗಳು ಮಾತ್ರ. ಹೆಚ್ಚಿನವು ಕಾಲಾಂತರದಲ್ಲಿ ಕೋಶಕೇಂದ್ರಕ್ಕೆ ಸೇರಿಹೋದವು ಅಥವಾ ಕಳೆದುಹೋದವು. ಅದು ನಮಗೆ ತಾಯಿಯಿಂದ ಬರುತ್ತದೆ.

ಕೋಶದ ಒಳರಚನೆಯಲ್ಲಿ ಇಷ್ಟು ಹಳೆಯ ಒಡನಾಟವೊಂದು ಇನ್ನೂ ನಡೆಯುತ್ತಿದೆ ಎಂಬ ಸಂಗತಿ ನನ್ನನ್ನು ಪ್ರತಿ ಸಲವೂ ಬೆರಗುಗೊಳಿಸುತ್ತದೆ.

ರೈಬೋಸೋಮಿನ 70ಎಸ್, 80ಎಸ್ ಎಂದರೇನು? 50 ಮತ್ತು 30 ಕೂಡಿದರೆ 80 ಅಲ್ಲವೇ?

ಎಸ್ ಎನ್ನುವುದು ತೂಕದ ಅಳತೆಯಲ್ಲ. ವೇಗವಾಗಿ ತಿರುಗುವ ಯಂತ್ರದಲ್ಲಿ ಕಣ ಎಷ್ಟು ಬೇಗ ತಳಕ್ಕೆ ಇಳಿಯುತ್ತದೆ ಎಂಬುದರ ಅಳತೆ. ಅದು ಆಕಾರವನ್ನೂ ಅವಲಂಬಿಸುವುದರಿಂದ ಕೂಡಿಸಲು ಬರುವುದಿಲ್ಲ. ಬ್ಯಾಕ್ಟೀರಿಯಾದ 70ಎಸ್ ರೈಬೋಸೋಮ್ 50ಎಸ್ ಮತ್ತು 30ಎಸ್ ಭಾಗಗಳದ್ದು. ನಮ್ಮ ಕೋಶದ್ರವ್ಯದ 80ಎಸ್ ರೈಬೋಸೋಮ್ 60ಎಸ್ ಮತ್ತು 40ಎಸ್ ಭಾಗಗಳದ್ದು.

ಈ ವ್ಯತ್ಯಾಸ ಪ್ರಾಣ ಉಳಿಸುತ್ತದೆ. ಸ್ಟ್ರೆಪ್ಟೋಮೈಸಿನ್, ಟೆಟ್ರಾಸೈಕ್ಲಿನ್ 30ಎಸ್ ಭಾಗಕ್ಕೂ, ಎರಿತ್ರೋಮೈಸಿನ್ 50ಎಸ್ ಭಾಗಕ್ಕೂ ಅಂಟಿ ಬ್ಯಾಕ್ಟೀರಿಯಾದ ಪ್ರೋಟೀನ್ ತಯಾರಿಕೆಯನ್ನು ಕೆಡಿಸುತ್ತವೆ. ಪೆನಿಸಿಲಿನ್ ಬ್ಯಾಕ್ಟೀರಿಯಾದ ಭಿತ್ತಿಯ ಪೆಪ್ಟಿಡೋಗ್ಲೈಕಾನ್ ಹೆಣಿಗೆಯನ್ನು ತಡೆಯುತ್ತದೆ; ನಮಗೆ ಆ ಭಿತ್ತಿಯೇ ಇಲ್ಲ. ಭಿತ್ತಿಯಿಲ್ಲದ ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದ ಮೇಲೆ ಪೆನಿಸಿಲಿನ್ ಕೆಲಸ ಮಾಡದಿರುವುದೂ ಇದೇ ಕಾರಣಕ್ಕೆ.

ಲೈಸೋಸೋಮನ್ನು "ಆತ್ಮಹತ್ಯಾ ಚೀಲ" ಎಂದು ಕಲಿಸುತ್ತಾರೆ. ಸರಿಯೇ?

ಹಳೆಯ ಹೆಸರು, ದಾರಿ ತಪ್ಪಿಸುತ್ತದೆ. ಲೈಸೋಸೋಮಿನ ದಿನನಿತ್ಯದ ಕೆಲಸ ಮರುಬಳಕೆ. ಸವೆದ ಭಾಗಗಳನ್ನೂ ನುಂಗಿದ ವಸ್ತುಗಳನ್ನೂ ಒಡೆದು, ಮತ್ತೆ ಬಳಸಬಹುದಾದ ಅಣುಗಳನ್ನು ಅದು ಕೋಶಕ್ಕೆ ಹಿಂತಿರುಗಿಸುತ್ತದೆ. ಒಳಗಿನ ಪಿಎಚ್ 5ರ ಆಸುಪಾಸು; ಅಷ್ಟು ಆಮ್ಲೀಯ ಸ್ಥಿತಿಯಲ್ಲಿ ಮಾತ್ರ ಅದರ ಕಿಣ್ವಗಳು ಚೆನ್ನಾಗಿ ದುಡಿಯುತ್ತವೆ. ಒಂದೆರಡು ಸೋರಿದರೂ ಕೋಶಕ್ಕೆ ಸಾಮಾನ್ಯವಾಗಿ ಅಪಾಯವಿಲ್ಲ. ಒಂದೇ ಒಂದು ಕಿಣ್ವ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಟೇ-ಸ್ಯಾಕ್ಸ್ ಕಾಯಿಲೆ ಉದಾಹರಣೆ: ಒಡೆಯದೆ ಉಳಿದ ಕೊಬ್ಬಿನಂಥ ವಸ್ತು ನರಕೋಶಗಳಲ್ಲಿ ತುಂಬಿಕೊಳ್ಳುತ್ತದೆ.

ದೇಹದ ಕೋಶಗಳಲ್ಲೆಲ್ಲ ಒಂದೇ ಡಿಎನ್‌ಎ ಇದ್ದರೂ ಅವು ಇಷ್ಟು ಬೇರೆ ಬೇರೆ ಯಾಕೆ?

ಎಲ್ಲ ಕೋಶಗಳೂ ಎಲ್ಲ ಜೀನ್‌ಗಳನ್ನು ಓದುವುದಿಲ್ಲ. ಯಾವುದನ್ನು ಓದುತ್ತವೆ ಎಂಬುದರ ಮೇಲೆ ಒಳರಚನೆ ನಿಲ್ಲುತ್ತದೆ. ಪ್ರತಿಕಾಯಗಳನ್ನು ಸುರಿಸುವ ಪ್ಲಾಸ್ಮಾ ಕೋಶದ ತುಂಬ ಒರಟು ಜಾಲ. ಸ್ಟೀರಾಯ್ಡ್ ಹಾರ್ಮೋನ್ ತಯಾರಿಸುವ ಅಡ್ರಿನಲ್ ಗ್ರಂಥಿಯ ಕೋಶದಲ್ಲಿ ನುಣುಪು ಜಾಲ. ವೀರ್ಯಾಣು ಭಾರವನ್ನೆಲ್ಲ ಕಳಚಿ, ಬಾಲದ ಬುಡಕ್ಕೆ ಮೈಟೋಕಾಂಡ್ರಿಯಗಳನ್ನು ಸುತ್ತಿಕೊಂಡಿದೆ.

ಕೆಂಪು ರಕ್ತಕಣ ಇನ್ನೂ ಮುಂದೆ ಹೋಗಿದೆ. ಮಜ್ಜೆಯಲ್ಲಿ ಪಕ್ವವಾಗುವಾಗ ಅದು ಕೋಶಕೇಂದ್ರವನ್ನು ಹೊರದಬ್ಬುತ್ತದೆ, ಮೈಟೋಕಾಂಡ್ರಿಯ, ರೈಬೋಸೋಮ್‌ಗಳನ್ನೂ ಕಳೆದುಕೊಳ್ಳುತ್ತದೆ. ಉಳಿದ ಜಾಗಕ್ಕೆಲ್ಲ ಹಿಮೋಗ್ಲೋಬಿನ್: ಒಂದು ಕಣದಲ್ಲಿ ಸುಮಾರು 27 ಕೋಟಿ ಅಣುಗಳು. ಮೈಟೋಕಾಂಡ್ರಿಯ ಇಲ್ಲದ್ದರಿಂದ ತಾನು ಹೊತ್ತ ಆಮ್ಲಜನಕವನ್ನು ತಾನೇ ಬಳಸುವುದಿಲ್ಲ. ರಿಪೇರಿಗೆ ಬೇಕಾದ ಜೀನ್‌ಗಳೂ ಇಲ್ಲದ್ದರಿಂದ ಸುಮಾರು 120 ದಿನಗಳಲ್ಲಿ ಅದರ ಆಯುಸ್ಸು ಮುಗಿಯುತ್ತದೆ. ಕಪ್ಪೆ, ಹಕ್ಕಿಗಳ ಕೆಂಪು ರಕ್ತಕಣಗಳಲ್ಲಿ ಕೋಶಕೇಂದ್ರ ಉಳಿದಿರುತ್ತದೆ. ಗಿಡಗಳಲ್ಲಿ ಸಕ್ಕರೆ ಸಾಗಿಸುವ ಜರಡಿನಾಳದ ಕೋಶವೂ ಕೋಶಕೇಂದ್ರವನ್ನು ಬಿಟ್ಟುಕೊಟ್ಟು, ಪಕ್ಕದ ಸಂಗಾತಿ ಕೋಶದ ಆಸರೆಯಲ್ಲಿ ಬದುಕುತ್ತದೆ.

ವೈರಸ್ ಯಾವ ಬಗೆಯ ಕೋಶ?

ಕೋಶವೇ ಅಲ್ಲ. ರೈಬೋಸೋಮ್ ಇಲ್ಲ, ಸ್ವಂತ ಶಕ್ತಿ ವ್ಯವಸ್ಥೆ ಇಲ್ಲ.

ಈ ವಿಂಗಡಣೆಗೆ ಒಗ್ಗದ ಕೋಶಗಳಿವೆಯೇ?

ಇವೆ. ಕೆರಿಬಿಯನ್ನಿನ ಗ್ವಾಡೆಲೂಪ್ ದ್ವೀಪದ ಮ್ಯಾಂಗ್ರೋವ್ ನೀರಿನಲ್ಲಿ ಸಿಕ್ಕ ಥಯೋಮಾರ್ಗರಿಟಾ ಮ್ಯಾಗ್ನಿಫಿಕಾ ಎಂಬ ಬ್ಯಾಕ್ಟೀರಿಯಾದ ಒಂದೊಂದು ಕೋಶ ಸುಮಾರು ಒಂದು ಸೆಂಟಿಮೀಟರ್ ಉದ್ದ. 2022ರಲ್ಲಿ ಪ್ರಕಟವಾದ ಅದರ ವಿವರದ ಪ್ರಕಾರ, ಅದರ ಡಿಎನ್‌ಎ ಪೊರೆಯುಳ್ಳ ಸಣ್ಣ ಚೀಲಗಳಲ್ಲಿದೆ. ಇತ್ತ ಮೊನೋಸರ್ಕೊಮೊನಾಯ್ಡಿಸ್ ಎಂಬ ಯೂಕ್ಯಾರಿಯೋಟ್ ಜೀವಿಯಲ್ಲಿ ಮೈಟೋಕಾಂಡ್ರಿಯವೇ ಇಲ್ಲ ಎಂದು 2016ರಲ್ಲಿ ತಿಳಿಯಿತು. ಇವುಗಳಿಂದ ವಿಂಗಡಣೆ ಬಿದ್ದುಹೋಗುವುದಿಲ್ಲ; "ಎಲ್ಲವೂ", "ಎಂದಿಗೂ" ಎಂಬ ಪದಗಳನ್ನು ಮಾತ್ರ ಎಚ್ಚರದಿಂದ ಬಳಸಬೇಕಾಗುತ್ತದೆ.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರ ಕೊಟ್ಟು "ಇದು ಯಾವ ಕೋಶ?" ಎಂದು ಕೇಳಿದರೆ ಎಲ್ಲಿಂದ ಆರಂಭಿಸಬೇಕು?

ಮೊದಲು ಅಳತೆಯ ಗೆರೆ ನೋಡಿ. ಒಂದೆರಡು ಮೈಕ್ರೋಮೀಟರಿನ ಕೋಶವಾದರೆ ಅದು ಬ್ಯಾಕ್ಟೀರಿಯಾ ಆಗಿರುವ ಸಂಭವವೇ ಹೆಚ್ಚು. ಆಮೇಲೆ ಕೋಶಕೇಂದ್ರದ ಪೊರೆ ಇದೆಯೇ, ಹೊರಗೆ ಭಿತ್ತಿ ಇದೆಯೇ ಎಂದು ನೋಡಿ. ಇಷ್ಟಕ್ಕೆ ಕೋಶದ ಬಗೆ ತಿಳಿಯುತ್ತದೆ. ಅದರ ಕಸುಬು ತಿಳಿಯಲು ಯಾವ ರಚನೆ ಅತಿಯಾಗಿದೆ ಎಂದು ಹುಡುಕಿ. ಮೈಟೋಕಾಂಡ್ರಿಯ ಕಿಕ್ಕಿರಿದಿದ್ದರೆ ಶಕ್ತಿ ಬೇಡುವ ಕೆಲಸ, ಒರಟು ಜಾಲವಾದರೆ ಪ್ರೋಟೀನ್ ಸ್ರವಿಕೆ. ಕೋಶಕೇಂದ್ರ ತಿಳಿಯಾಗಿದ್ದು ಕಿರುಕೋಶಕೇಂದ್ರ ದೊಡ್ಡದಾಗಿದ್ದರೆ ಕೋಶ ಭರದಿಂದ ಪ್ರೋಟೀನ್ ತಯಾರಿಸುತ್ತಿದೆ.

ಒಂದು ಎಚ್ಚರಿಕೆ. ಆ ಚಿತ್ರ ಇಡೀ ಕೋಶದ್ದಲ್ಲ, ಅತಿ ತೆಳುವಾದ ಒಂದು ಸೀಳಿನದು. ಉದ್ದನೆಯ ಮೈಟೋಕಾಂಡ್ರಿಯವನ್ನು ಅಡ್ಡ ಕತ್ತರಿಸಿದ್ದರೆ ಅದು ದುಂಡಗೆ ಕಾಣುತ್ತದೆ. ಕೋಶದ ಅಂಚನ್ನು ಕತ್ತರಿಸಿದ್ದರೆ ಕೋಶಕೇಂದ್ರ ಕಾಣುವುದೇ ಇಲ್ಲ. ಯಾವುದಾದರೂ ರಚನೆ "ಇಲ್ಲ" ಎಂದು ಬರೆಯುವ ಮೊದಲು ಅದೇ ಬಗೆಯ ಕೋಶದ ಇನ್ನೊಂದೆರಡು ಸೀಳುಗಳನ್ನು ನೋಡಬೇಕು. ಅವು ಸಿಗದಿದ್ದರೆ "ಈ ಸೀಳಿನಲ್ಲಿ ಕಾಣುತ್ತಿಲ್ಲ" ಎಂದು ಬರೆಯುವುದೇ ಸರಿಯಾದ ಉತ್ತರ.